ಮುಕ್ಕಾಲು ಇಂಚಿನ ಫಲಕ

ಡೆಲ್ಫಾ ರಕರ್ಟ್ ಅಳೆಯದೆ ಬಿಟ್ಟ ವಸ್ತು ಟೆಕ್ಸಸ್‌ನ ನಮ್ಮ ಮೂಲೆಯಲ್ಲಿ ಇರಲಿಕ್ಕಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸಿದ ಹೆಂಗಸು. ನಿವೃತ್ತಳಾದರೂ ಕೊರಳಿನ ಅಳತೆಯ ಟೇಪು ಇಳಿಯಲಿಲ್ಲ. ಪಾದ್ರಿಯ ಹೊಸ ಪ್ಯಾಂಟು ಅರ್ಧ ಇಂಚು ಗಿಡ್ಡವೆಂದು ಒಮ್ಮೆ ಚರ್ಚಿನ ಬಾಗಿಲಲ್ಲೇ ಸಾರಿದಳು. ಆ ಭಾನುವಾರ ಪಾಪದ ಮೇಲಿನ ಪ್ರವಚನ ಒಬ್ಬರ ಕಿವಿಗೂ ಬೀಳಲಿಲ್ಲ, ಎಲ್ಲರ ಕಣ್ಣೂ ಪಾದ್ರಿಯ ಕಾಲುಚೀಲದ ಮೇಲೆ.

ಗಂಡ ತೀರಿಕೊಂಡ ಮೇಲೆ ಅವನ ರಿವಾಲ್ವರ್ ಅವಳ ಸೊಂಟಕ್ಕೆ ಬಂತು. ಅದೇನು ವಿಶೇಷವಲ್ಲ. ಬ್ಯಾಂಕಿರಲಿ, ದಿನಸಿ ಅಂಗಡಿಯಿರಲಿ, ಕ್ಷೌರದಂಗಡಿಯಿರಲಿ, ನಮ್ಮೂರಿನ ಅರ್ಧ ಜನ ಹಾಗೆಯೇ ಹೋಗುವವರು. ಬಂದೂಕು ಒಳಗೆ ಬೇಡವೆನ್ನುವವರು ಬಾಗಿಲಿಗೆ ಹಾಗೆಂದು ಫಲಕ ಹಾಕಬಹುದು. ಆದರೆ ಅಕ್ಷರಗಳು ಒಂದು ಇಂಚಿಗಿಂತ ಗಿಡ್ಡವಾಗಿರಬಾರದು, ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಬರೆದಿರಬೇಕು. ಇಲ್ಲದಿದ್ದರೆ ಫಲಕ ಬರೀ ಗೋಡೆಯ ಅಲಂಕಾರ. ಇಂಥ ಕಾನೂನನ್ನು ಯಾರೋ ಡೆಲ್ಫಾಳ ಖುಷಿಗೆಂದೇ ಮಾಡಿಟ್ಟಿರಬೇಕು. ಔಷಧಿ ಅಂಗಡಿಯ ಫಲಕವನ್ನು ಫೇಲು ಮಾಡಿದಳು. ಹೂವಿನಂಗಡಿಯದಕ್ಕೆ ಸ್ಪ್ಯಾನಿಷ್ ಇಲ್ಲವೆಂದು ಫೇಲು ಮಾಡಿದಳು. ಫೇಲಾದ ಅಂಗಡಿಯೊಳಗೆ ರಿವಾಲ್ವರ್ ಸಮೇತ ಮೆರವಣಿಗೆ ಹೋಗಿ, ಏನಾದರೊಂದು ಕೊಂಡು ಬರುವಳು.

ಈಗ ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನೆದುರು ಲಾಂಡ್ರಿ ಇಟ್ಟವನು. ಕಳೆದ ಮಾರ್ಚಿನಲ್ಲಿ ಬ್ಯಾಂಕಿನ ಕೌಂಟರಿನ ಮುಂದೆ ಪೆನ್ನು ಬೀಳಿಸಿಕೊಂಡೆ. ಎತ್ತಲು ಬಗ್ಗಿದಾಗ ಸೊಂಟದ ಪಿಸ್ತೂಲು ಜಾರಿತು. ಗಬಕ್ಕನೆ ಹಿಡಿಯಹೋದೆ, ಬೆರಳು ಹೋಗಿ ಟ್ರಿಗರಿಗೇ ಸಿಕ್ಕಿಕೊಂಡಿತು. ಗುಂಡು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಹಸುವಿನ ಹಣೆಗೆ ಹೊಡೆಯಿತು. ಆ ಹಸುವಿಗೂ ಕೌಂಟರಿನೊಳಗಿದ್ದ ಒಲೀಟಾಳ ಕಿವಿಗೂ ಒಂದೇ ಗೇಣು. ಒಲೀಟಾ ಡೆಲ್ಫಾಳ ತಂಗಿ, ಹತ್ತೊಂಬತ್ತು ವರ್ಷದಿಂದ ಅದೇ ಕಿಟಕಿಯಲ್ಲಿ ಕೂತವಳು. ಆಮೇಲೆ ಎಲ್ಲರೂ ನಕ್ಕರು, ಒಲೀಟಾಳೂ ನಕ್ಕಳು. ಶೆರಿಫ್ ನನ್ನನ್ನು ಚೆನ್ನಾಗಿ ಉಗಿದು ಕಳಿಸಿದ. ಊರವರು ‘ದನ ಹೊಡೆದವ’ ಎಂಬ ಬಿರುದು ಕೊಟ್ಟರು. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ.

ಒಲೀಟಾಳಿಗೆ ಮುಗಿದಿರಲಿಲ್ಲ. ಪಿಸ್ತೂಲು ಸಿಕ್ಕಿಸಿಕೊಂಡವರು ಕಿಟಕಿಗೆ ಬಂದರೆ ಅವಳ ಮೊಹರು ಚೀಟಿ ಬಿಟ್ಟು ಎಲ್ಲೆಲ್ಲೋ ಬೀಳುತ್ತಿತ್ತು. ಫಲಕ ಹಾಕಿಸಿ, ಇಲ್ಲವೇ ನಾನು ಕೆಲಸ ಬಿಡುತ್ತೇನೆ ಎಂದು ಮ್ಯಾನೇಜರ್ ಕೆಸ್ಲರ್‌ಗೆ ಗುಟ್ಟಾಗಿ ಹೇಳಿದ್ದಳು. ಜೂನಿನ ಒಂದು ಶುಕ್ರವಾರ ಫಲಕ ಬಂತು. ಹತ್ತು ಗಂಟೆಗೆ ಡೆಲ್ಫಾಳೂ ಬಂದಳು. ನಾನು ಸೊಂಟದ ಪಿಸ್ತೂಲಿನೊಂದಿಗೆ ಸಾಲಿನಲ್ಲೇ ನಿಂತಿದ್ದೆ.

“ಮುಕ್ಕಾಲು ಇಂಚು!” ಬಾಗಿಲಿಂದಲೇ ಕೂಗಿದಳು. “ಕೆಸ್ಲರ್ ಮರಿ, ಇದನ್ನ ಬರೆದೋನಿಗೆ ಸ್ಕೇಲು ಹಿಡಿಯೋಕೂ ಬರಲ್ವಾ? ನನ್ನ ಕ್ಲಾಸಲ್ಲಿ ಇಂಥಾ ಕಾಜಾ ಹೊಲಿದಿದ್ರೆ ಬಿಚ್ಚಿಸಿ ಮತ್ತೆ ಹೊಲಿಸ್ತಿದ್ದೆ.”

“ಮೇಡಂ, ದಯವಿಟ್ಟು ಸ್ವಲ್ಪ...” ಎಂದ ಕೆಸ್ಲರ್.

ರಿವಾಲ್ವರ್ ಹೊರಗಿಟ್ಟು ಬನ್ನಿ ಎಂದು ಅವನು ಬಾಯಲ್ಲಿ ಹೇಳಿದ್ದರೂ ಕಾನೂನಿಗೆ ಸಾಕಾಗುತ್ತಿತ್ತು. ಆದರೆ ಅವನಿಗೆ ಸೂಜಿಗೆ ದಾರ ಪೋಣಿಸಲು ಕಲಿಸಿದವಳೇ ಅವಳು. ಅವಳೆದುರು ಅವನ ನಾಲಿಗೆ ಈಗಲೂ ಏಳುವುದಿಲ್ಲ. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು.

ಡೆಲ್ಫಾ ನೇರ ತಂಗಿಯ ಕಿಟಕಿಗೆ ನಡೆದಳು. ಒಲೀಟಾ ಎದ್ದು ಹಿಂದಿನ ಬಾಗಿಲಿನತ್ತ ಸರಿದಳು.

“ಎಲ್ಲಿಗೆ ಓಡ್ತಿದೀಯೇ? ನೀನೇ ಹೇಳು, ಮುಕ್ಕಾಲು ಹೌದೋ ಅಲ್ವೋ?”

“ಹೌದಕ್ಕ, ಮುಕ್ಕಾಲೇ. ಅದನ್ನ ಹಾಕಿಸಿದ್ದು ನಾನು.”

“ನೀನಾ? ಯಾಕೆ?”

“ಭಯ ಆಗತ್ತೆ. ಮಾರ್ಚಿಂದ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಏನ್ಮಾಡ್ತಿದ್ದೆ?” ಎಂದಳು ಒಲೀಟಾ. “ಟೇಪ್ ಹಿಡ್ಕೊಂಡು ಬಂದು, ನಿನ್ನ ಭಯಾನೂ ಇಂಚಿಗೆ ಕಮ್ಮಿ ಕಣೇ ಅಂತಿದ್ದೆ.”

ಯಾರೂ ನಗಲಿಲ್ಲ. ಡೆಲ್ಫಾ ಕೊರಳಿನ ಟೇಪು ತೆಗೆದು ಜೇಬಿಗೆ ಹಾಕಿಕೊಂಡಳು. ಅವಳನ್ನು ಬಲ್ಲ ನಲವತ್ತು ವರ್ಷಗಳಲ್ಲಿ ನಾನು ಅದನ್ನು ಕಂಡದ್ದು ಅದೊಂದೇ ಸಲ. ತಿರುಗಿ ಹೊರಗೆ ಹೋದಳು. ರಿವಾಲ್ವರನ್ನು ತನ್ನ ಟ್ರಕ್ಕಿನೊಳಗಿಟ್ಟು, ಬೀಗ ಹಾಕಿ, ಎರಡೆರಡು ಸಲ ಎಳೆದು ನೋಡಿದ್ದು ಗಾಜಿನಲ್ಲಿ ಕಂಡಿತು. ಮರಳಿ ಬಂದವಳು ನನ್ನ ಪಕ್ಕದಲ್ಲಿ ನಿಂತು ನನ್ನ ಸೊಂಟ ನೋಡಿದಳು.

“ಫಲಕ ಲೆಕ್ಕಕ್ಕಿಲ್ಲ ಅಂತ ಈಗ ತಾನೇ ನೀನೇ ಅಂದ್ಯಲ್ಲ, ಡೆಲ್ಫಾ?” ಎಂದು ನಗಿಸಲು ನೋಡಿದೆ.

“ಲೆಕ್ಕಕ್ಕಿಲ್ಲ. ಕೋರ್ಟಿಗೆ ಹೋದ್ರೆ ನೀನೇ ಗೆಲ್ತೀಯ,” ಎಂದಳು. “ಹೋಗು, ಹೊರಗಿಟ್ಟು ಬಾ. ಒಳಗೆ ನನ್ನ ತಂಗಿ ಇದಾಳೆ.”

ನಾನು ಹೊರಟೆ, ನನ್ನ ಹಿಂದೆ ಇನ್ನೂ ನಾಲ್ವರು ಹೊರಟರು. ಒಲೀಟಾಳಿಗೆ ಒಂದು ಸಲವಾದರೂ ‘ತಪ್ಪಾಯ್ತು’ ಎನ್ನಬೇಕಿತ್ತೆಂದು ನನಗೆ ಹೊಳೆದದ್ದು ಪಿಸ್ತೂಲನ್ನು ಲಾಂಡ್ರಿಯಲ್ಲಿಡಲು ರಸ್ತೆ ದಾಟುವಾಗ, ಮೂರು ತಿಂಗಳು ತಡವಾಗಿ.