ಎಲ್ಲ ನಕ್ಷತ್ರಗಳಿಗೂ ಉಂಗುರವಿದ್ದ ವಾರ

ಇದು ನಾನು ಮಾಡಿದ ಒಂದು ತಪ್ಪಿನ ಸಂಗತಿ. ಅದೇನು ದೊಡ್ಡ ತಪ್ಪಲ್ಲ ಎಂದು ಹೇಳಿದವರಿದ್ದಾರೆ. ಆದರೆ ಅದನ್ನು ನಂಬಿ ನನ್ನ ಅತ್ತೆಯವರು ಊರಿಗೆ ಒಂದು ಮಾತು ಕೊಟ್ಟಿದ್ದರು. ಹಾಗಾಗಿ ಅದು ನನ್ನ ಪಾಲಿಗೆ ಸಣ್ಣದಾಗಿ ಉಳಿಯಲಿಲ್ಲ.

ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ತವರು ಹೊಣಕೆರೆಯ ಕಡೆ. ನಮ್ಮ ವಂಶದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಹೀಗೆ ಮೊದಲು ಓದಿದವರಿಗೆ ಒಂದು ಅಂಜಿಕೆ ಕೊನೆಯವರೆಗೂ ಅಂಟಿಕೊಂಡಿರುತ್ತದೆ. ತಿಳಿಯದ್ದನ್ನು ತಿಳಿಯದು ಎಂದರೆ ಓದಿದ್ದೆಲ್ಲ ಸುಳ್ಳೆಂದು ಯಾರಾದರೂ ಪದವಿಯನ್ನೇ ಹಿಂದಕ್ಕೆ ಪಡೆದಾರೋ ಎಂಬ ಅಂಜಿಕೆ. ಕಾಲೇಜಿನ ಕತ್ತಲೆ ಕೋಣೆಯಲ್ಲಿ ಉಪಕರಣವೊಂದಕ್ಕೆ ಕಣ್ಣಿಟ್ಟು, ಅಧ್ಯಾಪಕರು "ಗೆರೆ ಕಾಣಿಸಿತೇ?" ಎಂದಾಗ ಏನೂ ಕಾಣದಿದ್ದರೂ "ಕಾಣಿಸಿತು ಸರ್" ಎಂದವಳು ನಾನು. ಮುಂದಿನದನ್ನು ಓದುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಉಪಕಾರವಾಗುತ್ತದೆ.

ಮದುವೆಯಾಗಿ ಬಂದದ್ದು ಕಿರಂಗೂರಿನಿಂದ ಸ್ವಲ್ಪ ಆಚೆಗಿನ ಊರಿಗೆ. ಸುತ್ತಲಿನ ನಾಲ್ಕು ತಾಲ್ಲೂಕುಗಳ ಕೆಲವು ವಿಜ್ಞಾನ ಶಿಕ್ಷಕರು ಸೇರಿ ಒಂದು ದೂರದರ್ಶಕವನ್ನು ಸರದಿಯಂತೆ ಬಳಸುತ್ತಿದ್ದೆವು. ಒಬ್ಬೊಬ್ಬರಿಗೆ ಒಂಬತ್ತು ದಿನ. ನನ್ನ ಸರದಿ ಬಂದದ್ದು ಕಾರ್ತಿಕದಲ್ಲಿ. ಪೆಟ್ಟಿಗೆಯು ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೂ ಅಲ್ಲಿಂದ ಪಾಂಡವಪುರಕ್ಕೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡಿಕೊಂಡು ಪಯಣಿಸಿ, ಒಂದು ಶನಿವಾರ ನಮ್ಮ ಮನೆಯ ಜಗಲಿಯ ಮೇಲೆ ಇಳಿಯಿತು.

ಒಳಗೆ ಉದ್ದನೆಯ ಬಿಳಿ ಕೊಳವೆ. ಅದರ ತಳದಲ್ಲಿ ಅಂಗೈಯಗಲದ ಬಟ್ಟಲುಗನ್ನಡಿ, ಬಾಯಿಯ ಬಳಿ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಪುಟ್ಟ ಕನ್ನಡಿ, ಪಕ್ಕದಲ್ಲಿ ಕಣ್ಣಿಡುವ ಮಸೂರ, ಅದನ್ನು ಒಳಕ್ಕೂ ಹೊರಕ್ಕೂ ಸರಿಸುವ ತಿರುಪು. ಇಷ್ಟು ನನಗೆ ಪಠ್ಯಪುಸ್ತಕದಿಂದ ಗೊತ್ತಿತ್ತು. ಜೊತೆಗೆ ಗೊತ್ತಿಲ್ಲದ ಎರಡು ವಸ್ತುಗಳಿದ್ದವು. ಒಂದು, ನಟ್ಟನಡುವೆ ಸೂಜಿಮೊನೆಯಷ್ಟು ತೂತಿದ್ದ ಕಪ್ಪು ಮುಚ್ಚಳ. ತೂತು ತಯಾರಿಕೆಯ ದೋಷವೆಂದು ಭಾವಿಸಿ, ದೂಳು ಹೋಗದಿರಲೆಂದು ಅದರ ಮೇಲೆ ಟೇಪು ಅಂಟಿಸಿದೆ. ಇನ್ನೊಂದು, ಮೂರು ದಿಕ್ಕಿಗೆ ಸಾಲುಸಾಲಾಗಿ ಸೀಳುಗಳನ್ನು ಕೊರೆದಿದ್ದ ಅಗಲವಾದ ತಟ್ಟೆ. ಇದು ಕೊಳವೆ ಅಲುಗದಿರಲೆಂದು ಇಟ್ಟ ಪ್ಯಾಕಿಂಗಿನ ಭಾಗವಿರಬೇಕೆಂದು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಕಾದ ಹಾಲಿಗೆ ಮುಚ್ಚಿದರೆ ಹಬೆ ಹೋಗುತ್ತದೆ, ನೊಣ ಬೀಳುವುದಿಲ್ಲ ಎಂದು ಅತ್ತೆ ಅದನ್ನು ಅಂದೇ ಬಳಕೆಗೆ ತಂದರು. ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ಕೈಪಿಡಿಯನ್ನು ನಾನು ಮೊದಲ ಪುಟಕ್ಕಿಂತ ಮುಂದೆ ಓದಲಿಲ್ಲ.

ಮರುದಿನ ಸಂಜೆ ಮನೆಯ ತಾರಸಿಯ ಮೇಲೆ ದೂರದರ್ಶಕವನ್ನು ಶನಿಗ್ರಹದತ್ತ ತಿರುಗಿಸಿದೆ. ಮೊದಲು ಒಂದು ಸಣ್ಣ ಚುಕ್ಕೆ ಕಂಡಿತು. ಶನಿ ಇಷ್ಟು ಸಣ್ಣಗಿರಲಾರದೆಂದು ತಿರುಪನ್ನು ತಿರುಗಿಸುತ್ತ ಹೋದೆ. ಚುಕ್ಕೆ ಹಿಗ್ಗಿತು, ಹಿಗ್ಗಿದಂತೆ ನಡುವೆ ಕಪ್ಪು ಮೂಡಿತು, ಕಡೆಗೆ ಕತ್ತಲ ನಡುವೆ ಒಂದು ದೊಡ್ಡ, ಮಸುಕಾದ, ಹೊಳೆಯುವ ಉಂಗುರ ನಿಂತಿತು. ಚಿತ್ರಗಳಲ್ಲಿ ನೋಡಿದ್ದ ಉಂಗುರವೇ! ಎಲ್ಲರನ್ನೂ ಕರೆದೆ.

ಅಕ್ಕಪಕ್ಕದ ಮನೆಗಳ ಹದಿನೈದು ಜನ ಸಾಲಾಗಿ ನೋಡಿದರು. ಉದ್ದಿನ ವಡೆ ಇದ್ದ ಹಾಗಿದೆ ಎಂದು ಒಬ್ಬರೆಂದರೆ, ವಡೆಯೇ ಸರಿ, ಆದರೆ ತಟ್ಟಿದವಳಿಗೆ ಕೈ ಕುದುರಿಲ್ಲ, ಒಂದು ಕಡೆ ದಪ್ಪವಾಗಿದೆ ಎಂದು ಇನ್ನೊಬ್ಬರೆಂದರು. ಅತ್ತೆ ಕೊನೆಗೆ ಬಂದರು. ಅವರದು ಕುಂಭ ರಾಶಿ. ಏಳೂವರೆ ವರ್ಷದ ಶನಿ ನಡೆಯುತ್ತಿತ್ತು. ಊರಿನ ಮಹಿಳೆಯರ ಹಾಲಿನ ಡೈರಿಗೆ ಅಧ್ಯಕ್ಷೆಯಾಗಬೇಕೆಂದು ಎಲ್ಲರೂ ಕೇಳಿಕೊಂಡಿದ್ದರೂ, ಶನಿ ಕಳೆಯುವವರೆಗೆ ಯಾವ ಹೊಸ ಹೊಣೆಯೂ ಬೇಡವೆಂದು ಅವರು ಒಪ್ಪಿರಲಿಲ್ಲ. ಅಂದು ಮಸೂರಕ್ಕೆ ಕಣ್ಣಿಟ್ಟವರು ಬಹಳ ಹೊತ್ತು ಕದಲಲಿಲ್ಲ. ಆಮೇಲೆ ಹಿಂದೆ ಸರಿದು, ಸೆರಗು ಹೊದ್ದು, ಕೈಮುಗಿದರು.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುವಾಗ, ಶನಿದೇವರನ್ನೇ ಎದುರೆದುರಿಗೆ ನೋಡಿ ಕೈಮುಗಿದಿದ್ದೇನೆ, ಇನ್ನು ಹಿಂಜರಿಕೆಯಿಲ್ಲ, ಬರುವ ಭಾನುವಾರದ ಸಭೆಯಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರುತ್ತೇನೆ ಎಂದು ಅವರು ಎಲ್ಲರ ಎದುರು ಹೇಳಿ ಬಂದರು. ನಮ್ಮ ಸೊಸೆ ತೋರಿಸಿದಳು ಎಂಬುದನ್ನೂ ಸೇರಿಸಿದ್ದರಂತೆ. ಆ ದಿನ ಶಾಲೆಗೆ ನಡೆದು ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಗುರುವಾರ ಸಂಜೆ, ಯಾರೂ ಇಲ್ಲದ ಹೊತ್ತಿನಲ್ಲಿ, ಪಡುವಣದಲ್ಲಿ ಹೊಳೆಯುತ್ತಿದ್ದ ಶ್ರವಣ ನಕ್ಷತ್ರದ ಕಡೆಗೆ ಕೊಳವೆಯನ್ನು ತಿರುಗಿಸಿದೆ. ಮಸೂರದಲ್ಲಿ ಕಣ್ಣಿಟ್ಟೆ. ಅಲ್ಲಿಯೂ ಒಂದು ಉಂಗುರವಿತ್ತು. ಪಕ್ಕದ ಇನ್ನೊಂದು ನಕ್ಷತ್ರಕ್ಕೆ ತಿರುಗಿಸಿದೆ; ಅದಕ್ಕೂ ಉಂಗುರ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅದೇ ಸೊಟ್ಟ ವಡೆ. ಆಕಾಶದ ಎಲ್ಲ ನಕ್ಷತ್ರಗಳಿಗೂ ನಾನು ಉಂಗುರ ತೊಡಿಸಿದ್ದೆ.

ಕೆಳಗಿಳಿದು, ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕೈಪಿಡಿಯನ್ನು ಕೊನೆಯವರೆಗೆ ಓದಿದೆ. ದೂರದರ್ಶಕದ ನಾಭಿ, ಅಂದರೆ ಬೆಳಕು ಒಂದೆಡೆ ಸೇರುವ ಬಿಂದು, ಕೂಡದಿದ್ದರೆ ಪ್ರತಿ ನಕ್ಷತ್ರವೂ ಊದಿಕೊಂಡು ಕಾಣುತ್ತದೆ. ನಡುವಿನ ಕಪ್ಪು, ಕೊಳವೆಯ ಬಾಯಲ್ಲಿರುವ ಪುಟ್ಟ ಕನ್ನಡಿಯ ನೆರಳು. ಉಂಗುರ ಸೊಟ್ಟಗಿದ್ದರೆ ಕನ್ನಡಿಗಳು ಒಂದರ ಎದುರಿಗೊಂದು ನೆಟ್ಟಗಿಲ್ಲವೆಂದು ಅರ್ಥ. ಕನ್ನಡಿಗಳನ್ನು ನೇರಗೊಳಿಸಲು ತೂತಿನ ಮುಚ್ಚಳವನ್ನೂ ನಾಭಿ ಕೂಡಿಸಲು ಸೀಳುಗಳ ತಟ್ಟೆಯನ್ನೂ ಕೊಟ್ಟಿದ್ದರು. ಒಂದಕ್ಕೆ ಟೇಪು ಅಂಟಿತ್ತು. ಇನ್ನೊಂದು ಹಾಲಿನ ಪಾತ್ರೆಯ ಮೇಲಿತ್ತು. ಮೊದಲ ದಿನ ನಾನು ಬೇಡವೆಂದು ಬಿಟ್ಟ ಸಣ್ಣ ಚುಕ್ಕೆಯೇ ನಿಜಕ್ಕೆ ಹತ್ತಿರವಿತ್ತು. ಅಲ್ಲಿಂದ ತಿರುಪು ಹಿಡಿದು ದೂರ ದೂರ ಹೋಗಿದ್ದೆ.

ಪತಿಗೆ ಹೇಳಿದೆ. ಅವರು ಕಾರ್ಖಾನೆಯ ಕೆಲಸದಿಂದ ದಣಿದು ಬಂದಿದ್ದರು. ಯಾರಿಗೂ ತಿಳಿಯುವುದಿಲ್ಲ, ಸುಮ್ಮನಿರು, ಅಮ್ಮನಿಗೆ ಧೈರ್ಯ ಬಂದಿದೆ, ಅದನ್ನು ಏಕೆ ಕೆಡಿಸುತ್ತೀಯೆ ಎಂದರು. ಆ ಮಾತಿನಲ್ಲಿ ನ್ಯಾಯವಿಲ್ಲದಿರಲಿಲ್ಲ. ಶುಕ್ರವಾರವಿಡೀ ಸುಮ್ಮನಿದ್ದೆ. ಆದರೆ ಅತ್ತೆ ಎಣ್ಣೆಬತ್ತಿ ಹಾಕಿ ಕೊಳವೆಯಿದ್ದ ಮೂಲೆಗೂ ಒಂದು ದೀಪ ಇಡುವುದನ್ನು ಕಂಡ ಮೇಲೆ ಇನ್ನು ಸುಮ್ಮನಿರಲಾಗಲಿಲ್ಲ. ಇಷ್ಟು ದಿನ ಕಾಣದ್ದನ್ನು ಕಂಡೆನೆಂದು ನಾನೊಬ್ಬಳೇ ಹೇಳುತ್ತಿದ್ದೆ. ಈಗ ನನ್ನ ಬದಲಿಗೆ ಇನ್ನೊಬ್ಬರು ಊರ ಮುಂದೆ ಹೇಳಿದ್ದರು.

ಶನಿವಾರ ನಸುಕಿನಲ್ಲಿ ಕೊಟ್ಟಿಗೆಗೆ ಹೋದೆ. ಅತ್ತೆ ಹಸುವಿನ ಹೊಟ್ಟೆಗೆ ಹಣೆಯಾನಿಸಿ ಹಾಲು ಕರೆಯುತ್ತಿದ್ದರು.

"ಅತ್ತೆ, ಆವತ್ತು ನಾನ್ ತೋರ್ಸಿದ್ದು ತಪ್ಪು. ಅದು ಶನಿ ಬಳೆ ಅಲ್ಲ."

ಕರೆಯುತ್ತಿದ್ದ ಅವರ ಕೈ ನಿಲ್ಲಲಿಲ್ಲ.

"ಅಂಗಾರೆ ನಾನು ಕೈ ಮುಗುದ್ನಲ್ಲ, ಅದು ಯಾವುದ್ಕೆ?"

"ಒಳಗಿರೋ ಕನ್ನಡಿ ನೆರಳಿಗೆ."

ಅವರು ಕರೆಯುವುದನ್ನು ಮುಗಿಸಿದರು. ಕರುವನ್ನು ಬಿಟ್ಟರು. ಕೈ ತೊಳೆದು ಬಂದು ನನ್ನ ಮುಖವನ್ನೇ ನೋಡಿದರು.

"ಸರಿ ಮಾಡಾಕಾಯ್ತದಾ?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅಂತ ಇವತ್ತಾರ ಅಂದ್ಯಲ್ಲ, ಬುಡು. ಡೈರಿಲಿ ನಾನೇ ಯೋಳ್ತೀನಿ. ಕುರ್ಚಿ ಇಚಾರ ಆಮ್ಯಾಕೆ ನ್ವಾಡುವ."

ಕ್ಯಾನು ಹಿಡಿದು ಅವರು ಹೊರಟರು. ಡೈರಿಯಲ್ಲಿ ನೀರು ಬೆರೆತಿದೆಯೇ ಎಂದು ಹಾಲಿನ ಡಿಗ್ರಿ ನೋಡುವ ಹೆಂಗಸು ಬಹಳ ಬಾಯಿಯವಳು. ಶನಿಗೆ ಸಾಂಬಾರ್ ಹಾಕಲಿಲ್ಲವೇ, ಚಟ್ನಿ ಇರಲಿಲ್ಲವೇ ಎಂದು ಅವಳು ಕೇಳಿದಳಂತೆ; ಎಲ್ಲರೂ ನಕ್ಕರಂತೆ. ಅತ್ತೆ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಆವತ್ತು ನೋಡಿದ್ದು ಸುಳ್ಳು, ನಿಜ ನೋಡುವ ಮನಸ್ಸಿದ್ದವರು ಇವತ್ತು ಸಂಜೆ ಹಾಲು ಹಾಕಿದ ಮೇಲೆ ನಮ್ಮ ಮನೆಗೆ ಬನ್ನಿ ಎಂದು ಹೇಳಿ ಬಂದರು. ನಾನು ಇನ್ನೂ ಸರಿಪಡಿಸಿರಲೇ ಇಲ್ಲ.

ಶನಿವಾರ ಅರ್ಧ ದಿನದ ಶಾಲೆ. ಮನೆಗೆ ಬಂದವಳೇ ಟೇಪು ಕಿತ್ತು, ಮಸೂರದ ಜಾಗದಲ್ಲಿ ತೂತಿನ ಮುಚ್ಚಳವನ್ನು ಕೂಡಿಸಿ, ಕೊಳವೆಯನ್ನು ಹಗಲಿನ ಬಾನಿಗೆ ಹಿಡಿದು ತೂತಿನಲ್ಲಿ ಇಣುಕಿದೆ. ವೃತ್ತದೊಳಗೆ ವೃತ್ತ, ಅದರೊಳಗೆ ಇನ್ನೊಂದು ವೃತ್ತ; ಎಲ್ಲಕ್ಕಿಂತ ಒಳಗೆ ಆ ತೂತೇ ಒಂದು ಕಪ್ಪು ಚುಕ್ಕೆಯಾಗಿ ಕಾಣುತ್ತಿತ್ತು. ದೊಡ್ಡ ಕನ್ನಡಿಯ ನಟ್ಟನಡುವೆ ಒಂದು ಸಣ್ಣ ಬಳೆಯ ಗುರುತು ಅಂಟಿಸಿದ್ದರು. ಕಪ್ಪು ಚುಕ್ಕೆ ಆ ಬಳೆಯೊಳಗೆ ಬಂದು ಕೂರಬೇಕು. ನಮ್ಮದು ಎಲ್ಲೋ ಅಂಚಿನಲ್ಲಿತ್ತು. ನಾಲ್ಕು ತಾಲ್ಲೂಕಿನ ರಸ್ತೆಯ ಹಳ್ಳಗಳೆಲ್ಲ ಆ ಅಂತರದಲ್ಲಿದ್ದವು.

ಕೊಳವೆಯ ತಳದಲ್ಲಿ ಮೂರು ತಿರುಪುಗಳು. ತಿರುಪು ತಿರುಗಿಸುವವರಿಗೆ ಚುಕ್ಕೆ ಕಾಣುವುದಿಲ್ಲ, ಚುಕ್ಕೆ ನೋಡುವವರ ಕೈಗೆ ತಿರುಪು ನಿಲುಕುವುದಿಲ್ಲ. ಅತ್ತೆ ಕರೆಯದೆಯೇ ಬಂದು ತಳದ ಹತ್ತಿರ ಕುಕ್ಕರಗಾಲಲ್ಲಿ ಕೂತರು. ನಾನು ಕಣ್ಣಿಟ್ಟು ಹೇಳುವುದು, ಅವರು ತಿರುಗಿಸುವುದು. ಎಡಗಡೆಯದನ್ನು ಕೂದಲೆಳೆಯಷ್ಟು ಎಂದರೆ ಕೂದಲೆಳೆಯಷ್ಟೇ ತಿರುಗಿಸುತ್ತಿದ್ದರು. ಅಷ್ಟು ವರ್ಷ ಕೆಚ್ಚಲು ಹಿಡಿದ ಬೆರಳುಗಳು. ಚುಕ್ಕೆ ನಡುಗುತ್ತ, ದಾರಿ ತಪ್ಪುತ್ತ, ಮರಳುತ್ತ, ಕಡೆಗೆ ಬಳೆಯೊಳಗೆ ಹೋಗಿ ನಿಂತಿತು. ಎಲ್ಲ ವೃತ್ತಗಳೂ ಒಂದೇ ನಡುವಿಗೆ ಬಂದವು. ಬಾವಿಯ ತಳದಲ್ಲಿ ಇನ್ನೊಂದು ಬಾವಿ, ಅದರ ತಳದಲ್ಲಿ ಮತ್ತೊಂದು ಬಾವಿ ತೆರೆದಂತೆ ಕಂಡಿತು.

ಆಮೇಲೆ ಕರಿಘಟ್ಟದ ಗುಡಿಯ ಗೋಪುರವನ್ನು ಗುರಿ ಹಿಡಿದು, ನಕ್ಷತ್ರ ಹುಡುಕಲೆಂದು ಮೇಲೆ ಜೋಡಿಸಿದ್ದ ಪುಟ್ಟ ಗುರಿಕೊಳವೆಯನ್ನು ದೊಡ್ಡ ಕೊಳವೆಗೆ ಹೊಂದಿಸಿದೆ. ಅತ್ತೆ ಮಸೂರದಲ್ಲಿ ನೋಡಿ ಹೌಹಾರಿದರು. "ದೇವ್ರ ಗುಡಿನೇ ತಲೆಕೆಳಗ್ ಮಾಡ್ಬುಟ್ಟಲ್ಲವ್ವ." ಈ ಬಗೆಯ ಕೊಳವೆಯಲ್ಲಿ ಎಲ್ಲವೂ ತಲೆಕೆಳಗೇ ಕಾಣುತ್ತದೆ ಎಂದು ವಿವರಿಸಿದೆ. ಇದು ತಪ್ಪಲ್ಲ ತಾನೆ ಎಂದು ಅವರು ಎರಡು ಸಲ ಕೇಳಿದರು. ಕೇಳುವ ಹಕ್ಕು ಅವರಿಗಿತ್ತು. ನಾನು ಕೈಪಿಡಿಯ ಚಿತ್ರವನ್ನು ತೋರಿಸಿದೆ.

ಕತ್ತಲಾದ ಮೇಲೆ ಡೈರಿಯ ಹೆಂಗಸರು ಏಳೆಂಟು ಜನ ಮೆಟ್ಟಿಲೇರಿ ಬಂದರು. ಹಾಲಿನ ವಾಸನೆ ಇನ್ನೂ ಹೋಗದಿದ್ದ ಸೀಳುಗಳ ತಟ್ಟೆಯನ್ನು ಕೊಳವೆಯ ಬಾಯಿಗೆ ಮುಚ್ಚಿ, ಮೊದಲು ಶ್ರವಣ ನಕ್ಷತ್ರಕ್ಕೆ ಹಿಡಿದೆ. ಉಂಗುರ ಹೋಗಿ, ಅದರ ಜಾಗದಲ್ಲಿ ಬೆಳಕಿನ ಮೂರು ಗೆರೆಗಳು ಮೂಡಿದವು. ಎರಡು ಗೆರೆ ಒಂದನ್ನೊಂದು ದಾಟಿ ಕತ್ತರಿಯಂತೆ ನಿಂತಿದ್ದವು. ಮೂರನೆಯದು ಅವುಗಳಿಂದ ದೂರ ಸರಿದಿತ್ತು. ತಿರುಪು ಮುಟ್ಟಿದರೆ ಮೂರನೆಯ ಗೆರೆ ಚಲಿಸುತ್ತಿತ್ತು. ಕಾಣುತ್ತದೆಯೋ ಇಲ್ಲವೋ, ಸರಿಯೋ ತಪ್ಪೋ ಎಂದು ಇಲ್ಲಿ ನನ್ನ ಅಂದಾಜಿಗೆ ಏನನ್ನೂ ಬಿಟ್ಟಿರಲಿಲ್ಲ. ಗೆರೆ ನಡುವಿಗೆ ಬಂದರೆ ಸರಿ, ಬಾರದಿದ್ದರೆ ತಪ್ಪು. ಎಷ್ಟೋ ಕೋಟಿ ಕೋಟಿ ಹರದಾರಿಯ ಆಚೆಯ ಬೆಂಕಿಯೊಂದು ಒಂದು ಪ್ಲಾಸ್ಟಿಕ್ ತಟ್ಟೆಯ ಸೀಳುಗಳಲ್ಲಿ ನುಸುಳಿ ಬಂದು ನನ್ನ ಬೆರಳಿಗೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಹೇಳುತ್ತಿತ್ತು. ಗೆರೆ ಕತ್ತರಿಯ ನಟ್ಟನಡುವೆ ಹಾಯ್ದು ನಿಂತಿತು. ತಟ್ಟೆಯನ್ನು ತೆಗೆದೆ. ನಕ್ಷತ್ರವು ಸೂಜಿಯ ಮೊನೆಯಾಗಿತ್ತು.

ತಿರುಪನ್ನು ಮುಟ್ಟದೆ, ಎರಡು ಕೈಯಲ್ಲಿ ಕೊಳವೆ ಹಿಡಿದು, ಶನಿಯ ಕಡೆಗೆ ತಿರುಗಿಸಿದೆ.

ಅದು ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದಿತ್ತು. ನಸು ಹಳದಿ ಬಣ್ಣ. ಆ ವರ್ಷ ಉಂಗುರ ನಮ್ಮ ಕಡೆಗೆ ಅಂಚನ್ನು ತಿರುಗಿಸಿ ತೀರ ತೆಳ್ಳಗಿತ್ತು. ದಾರ ಪೋಣಿಸಿದ ಮುತ್ತಿನಂತೆ, ಎರಡೂ ಬದಿಗೆ ಕೂದಲೆಳೆಯ ಗೆರೆ ಚಾಚಿಕೊಂಡಿತ್ತು. ಪಕ್ಕದಲ್ಲಿ ಒಂದು ಚುಕ್ಕೆ, ಅದರ ಚಂದ್ರ. ಯಾವ ಚಿತ್ರದಲ್ಲಿಯೂ ಅದು ಅಷ್ಟು ಸಣ್ಣದಾಗಿ, ಅಷ್ಟು ಒಂಟಿಯಾಗಿ, ಅಷ್ಟು ನಿಚ್ಚಳವಾಗಿ ಇರಲಿಲ್ಲ. ನನ್ನ ಕಣ್ಣು ತುಂಬಿ ಬಂದು, ಸರಿಪಡಿಸಿದ ನಾಭಿ ಮತ್ತೆ ಕೆಟ್ಟಿತು. ಒರೆಸಿಕೊಂಡು ಪಕ್ಕಕ್ಕೆ ಸರಿದೆ.

ಡಿಗ್ರಿ ನೋಡುವ ಹೆಂಗಸು ಮೊದಲು ನೋಡಿದಳು. "ಅಯ್ಯೋ, ಇಷ್ಟೇಯಾ? ಮೊನ್ನೆದೇ ಸಂದಾಗಿತ್ತಂತೆ ಕಣಕ್ಕ, ದಪ್ಪಗೆ." ಹಾಗೆಂದವಳು ಮತ್ತೆ ಬಗ್ಗಿದಳು. ಒಬ್ಬೊಬ್ಬರೂ ಗೊಣಗುತ್ತ ಬಗ್ಗಿದರು; ಏಳುವಾಗ ದನಿ ಇಳಿದಿರುತ್ತಿತ್ತು.

ಅತ್ತೆ ಕೈಮುಗಿಯಲಿಲ್ಲ. ಕಣ್ಣು ತೆಗೆಯದೆಯೇ, ಎಷ್ಟು ದೂರವಿರಬಹುದು ಎಂದು ನನ್ನನ್ನು ಕೇಳಿದರು. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಒಂದು ಗಂಟೆಯ ಮೇಲೆ ಹಿಡಿಯುತ್ತದೆ ಎಂದೆ. ಇದನ್ನು ಹೇಳುವ ಮೊದಲು ಮೂರು ಸಲ ಲೆಕ್ಕ ಹಾಕಿದ್ದೆ. ಅವರು ಬೆರಳು ಮಡಿಸಿ ಎಣಿಸಿದರು.

"ಅಂಗಾರೆ ನಾನು ಹಸ ಕರಿಯಾಕೆ ಕೂತಾಗ ಅಲ್ಲಿಂದ ಹೊಂಟಿದ್ದು. ಈಗ ಬಂದದೆ."

ಒಬ್ಬಿಬ್ಬರು ಬರಿಗಣ್ಣಿನಿಂದ ಆ ಚುಕ್ಕೆಯನ್ನು ನೋಡುತ್ತ ನಿಂತರು. ಕಡೆಗೆ ಡಿಗ್ರಿಯವಳೇ ಕೇಳಿದಳು.

"ಅದಿರ್ಲಿ ಕಣಕ್ಕ, ನಾಳೆ ಕುರ್ಚಿ ಮ್ಯಾಲೆ ಕೂರ್ತೀಯೋ ಇಲ್ವೋ?"

"ಅಷ್ಟು ದೂರ ಇರೋನು ನಮ್ಮ ಡೈರಿ ಕುರ್ಚಿನೇ ನೋಡ್ಕಂಡು ಕುಂತಿರ್ತಾನೇನೆ? ಕೂರ್ತೀನಿ." ಅತ್ತೆಯ ಕಣ್ಣು ಇನ್ನೂ ಮಸೂರದಲ್ಲಿಯೇ ಇತ್ತು. "ವಸಿ ತಿರುಗ್ಸವ್ವ. ಆಚೆಗ್ ಓಗ್ಬುಟ್ಟ."

ಭೂಮಿ ಅಷ್ಟರಲ್ಲಿ ಅಷ್ಟು ತಿರುಗಿತ್ತು. ನಾನು ಕೊಳವೆಯನ್ನು ಕೂದಲೆಳೆಯಷ್ಟು ಪಡುವಣಕ್ಕೆ ಸರಿಸಿದೆ.