ಕೆಂಪು ಚಿಂದಿ ಕಟ್ಟಿದ ಸೊಪ್ಪು

ನಮ್ಮತ್ತೆಯ ಕಣ್ಣಿನ ನರ ಸೋತು ದೃಷ್ಟಿ ಪೂರ್ತಿ ಹೋದ ವರ್ಷ ನಮ್ಮ ಮನೆಯಲ್ಲಿ ಬೆರಕೆ ಸೊಪ್ಪಿನ ಸಾರು ನಿಂತುಹೋಯಿತು. ಮಳೆ ಬಿದ್ದು ಹೊಲದ ಬದು ಹಸಿರಾಗುತ್ತಲೇ, ತಾನಾಗಿ ಎದ್ದ ಹತ್ತಾರು ಬಗೆಯ ಸೊಪ್ಪಿನ ಕುಡಿಗಳನ್ನು ಮಡಿಲು ತುಂಬ ಚಿವುಟಿ ತಂದು ಒಂದೇ ಪಾತ್ರೆಯಲ್ಲಿ ಬೇಯಿಸಿ ಮಾಡುವ ಸಾರು ಅದು. ಹನಕೆರೆಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದನ್ನು ಚಪ್ಪರಿಸಿ ಉಂಡವಳು ನಾನು. ಸೊಪ್ಪು ಕೀಳಲು ಮಾತ್ರ ಅತ್ತೆ ನನ್ನನ್ನು ಒಂದು ದಿನವೂ ಬಿಟ್ಟವರಲ್ಲ. ಮಂಡ್ಯದ ಪೇಟೆಯಲ್ಲಿ ಬೆಳೆದವಳಿಗೆ ಮೆಂತ್ಯ, ಕೊತ್ತಂಬರಿ ಗುರುತು ಸಿಕ್ಕರೆ ಅದೇ ಹೆಚ್ಚು ಅನ್ನುವುದು ಅವರ ಲೆಕ್ಕ.

ಈ ಸಾರಿಗೆ ಮನೆಯಲ್ಲೊಂದು ಕಟ್ಟಳೆ ಇತ್ತು. ಸೊಪ್ಪು ಕಿತ್ತವಳೇ ಮೊದಲು ಉಣ್ಣಬೇಕು. ಅತ್ತೆ ಒಬ್ಬರೇ ಮುದ್ದೆ ಮುಗಿಸಿ, ಜಗಲಿಯಲ್ಲಿ ಕೂತು ಎಲೆಯಡಿಕೆ ಜಗಿದು, ತಲೆಗಿಲೆ ತಿರುಗಲಿಲ್ಲ ಅನ್ನುವುದು ಖಾತ್ರಿಯಾದ ಮೇಲೇ ನಮಗೆಲ್ಲ ಬಡಿಸುತ್ತಿದ್ದರು. ಅವರ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ.

ಸಕ್ಕರೆ ಕಾಯಿಲೆಯಿಂದ ನಮ್ಮತ್ತೆಯ ಬೆರಳ ತುದಿಗಳೂ ಮರಗಟ್ಟಿದ್ದವು. ಮುಟ್ಟಿ ಸೊಪ್ಪು ಗುರುತು ಹಿಡಿಯುವಂತೆಯೂ ಇರಲಿಲ್ಲ. ದಿನಾ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಡತೊಡಗಿದರು. ಮುಂಗಾರು ಹನಿದ ಒಂದು ಸಂಜೆ, "ಬದಿನ್ ಮ್ಯಾಗೆ ಅಣ್ಣೆ ಸೊಪ್ಪು ಎದ್ದಿರ್ತದೆ" ಅಂದರು.  ಇವರಿಗೆ ಆ ಸಾರು ಉಣ್ಣಿಸಿಯೇ ಸೈ ಅಂದುಕೊಂಡೆ.

"ನಾನು ಕಿತ್ಕೊಂಡ್ ಬತ್ತೀನಿ ಬುಡಿ ಅತ್ತೆ. ಫೋಟೋ ತೆಗುದ್ರೆ ಗಿಡದ ಹೆಸ್ರು ಹೇಳೋ ಆಪು ಐತೆ ಫೋನಲ್ಲಿ."

"ಹೇಳ್ತದೆ, ಹೇಳ್ತದೆ. ಮನೆಮಂದಿನೆಲ್ಲಾ ಒಟ್ಗೆ ಮಲಗಿಸ್ಬುಡ್ತೀಯ ಕಣಮ್ಮಿ."

ಭಾನುವಾರ ಬದುವಿಗೆ ಹೋದೆ. ಅವರು ಮಾಡುತ್ತಿದ್ದ ಹಾಗೇ ಉಗುರಿಗೆ ಸಿಗುವಷ್ಟು ಎಳೆ ಕುಡಿಗಳನ್ನೇ ಚಿವುಟಿ ತಂದು, ಮೊರದಲ್ಲಿ ಹರವಿ, ಒಂದೊಂದರದೂ ಫೋಟೋ ತೆಗೆದೆ. ಆಪ್ ತಡವರಿಸಿತು. ಒಂದೇ ಕುಡಿಯನ್ನು ಒಮ್ಮೆ ಗಣಿಕೆ ಸೊಪ್ಪು ಅಂದಿತು, ತಿರುಗಿಸಿ ತೆಗೆದರೆ ಉಮ್ಮತ್ತಿ ಅಂದಿತು. ಮೊದಲನೆಯದು ಸಾರಿಗೆ ಹಾಕುವಂಥದ್ದು, ಎರಡನೆಯದು ತಿಂದವರಿಗೆ ಹುಚ್ಚು ಹಿಡಿಸುವ ವಿಷ! ಕೊನೆಗೆ, ಬರೀ ಎಲೆ ಸಾಲದು, ಹೂವೋ ಕಾಯೋ ತೋರಿಸಿ ಅಂತ ಬರೆದು ತೋರಿಸಿತು. ನಾನೋ ಪೆದ್ದಿ, ಅದನ್ನು ಗಟ್ಟಿಯಾಗಿ ಓದಿಬಿಟ್ಟೆ.

ಅತ್ತೆ ಎಷ್ಟೋ ದಿನದ ಮೇಲೆ ನಕ್ಕರು. "ಹೂ ಬುಟ್ಟ್ ಮ್ಯಾಕೆ ಸೊಪ್ಪ ಯಾರಮ್ಮಿ ಉಂಡಾರು? ನಾರಾಗೋಗಿರ್ತದೆ."

ಅವರ ಮಾತು ನಿಜ. ಒಲೆಗೆ ಹೂ ಬಿಡುವ ಮೊದಲಿನ ಗಿಡ ಬೇಕು, ಫೋನಿಗೆ ಹೂವಾದ ಮೇಲಿನದು. ಮೊರದಲ್ಲಿದ್ದದ್ದನ್ನೆಲ್ಲ ತಿಪ್ಪೆಗೆ ಸುರಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆದರೆ ಅಲ್ಲಿಗೆ ಕೈ ಚೆಲ್ಲುವ ಜಾಯಮಾನ ನನ್ನದಲ್ಲ. ಮಾರನೇ ದಿನ ಹಳೇ ಕೆಂಪು ರವಿಕೆಯೊಂದನ್ನು ಹರಿದು ಚಿಂದಿ ಮಾಡಿದೆ. ಬದುವಿನಲ್ಲಿ ಬಗೆಗೊಂದರಂತೆ ಗಿಡ ಆರಿಸಿ, ಬುಡಕ್ಕೆ ಚಿಂದಿ ಕಟ್ಟಿ, ಕೀಳದೆ ಬಿಟ್ಟೆ. ಈ ಬದುವಿಗೆ ಕಳೆ ಔಷಧಿ ಹೊಡೆಯಕೂಡದು ಅಂತ ನಮ್ಮ ಯಜಮಾನರಿಗೂ ತಾಕೀತು ಮಾಡಿದೆ.

"ಕಳೆಗೂ ಕಾವಲಾ?" ಅಂದರು ಅವರು.

"ಹೂಂ, ಕಳೆಗೇ. ಔಸ್ದಿ ಹೊಡುದ್ರೆ ಆ ಸೊಪ್ಪಿನ ಸಾರು ಮೊದ್ಲು ನಿಮಗೇ ಇಕ್ಕೋದು."

ಔಷಧಿಯ ಕ್ಯಾನು ಆ ಬದುವಿನತ್ತ ಸುಳಿಯಲಿಲ್ಲ. ಪಕ್ಕದ ಹೊಲದ ಹೆಂಗಸರು, ಯಾವ ದೇವರಿಗೆ ಹರಕೆ ಕಟ್ಟಿದ್ದೀಯೆ ಅಂತ ಕಿಚಾಯಿಸಿದರು. ನಗಲಿ ಅಂದುಕೊಂಡೆ. ದಿನಾ ಬೆಳಿಗ್ಗೆ ಮಂಡ್ಯದ ಆಫೀಸಿಗೆ ರೈಲು ಹಿಡಿಯುವ ಮೊದಲು ಬದುವಿಗೆ ಓಡಿ, ಚಿಂದಿ ಕಟ್ಟಿದ ಗಿಡಗಳ ಫೋಟೋ ತೆಗೆಯುತ್ತಿದ್ದೆ. ರೈಲು ತಪ್ಪಿದ ದಿನ ಬಸ್ಸಿಗೆ ಹೋಗಿ ಬೈಸಿಕೊಂಡದ್ದೂ ಉಂಟು.

ಮೊದಲು ಕನ್ನೆ ಸೊಪ್ಪು ನೀಲಿ ಹೂ ಬಿಟ್ಟಿತು. ಅಣ್ಣೆ ಸೊಪ್ಪಿಗೆ ನಸುಗೆಂಪು ತೆನೆ ಬಂತು. ಅಕ್ಕತಂಗಿಯರ ಹಾಗೆ ಕಾಣುತ್ತಿದ್ದ ಎರಡು ಗಿಡಗಳಲ್ಲಿ ಒಂದು ಚುಕ್ಕಿಯಂಥ ಬಿಳಿ ಹೂ ಬಿಟ್ಟು ಕರೀ ಹಣ್ಣಾಯಿತು. ಇನ್ನೊಂದು, ಒಂದು ಬೆಳಿಗ್ಗೆ, ಲೌಡ್‌ಸ್ಪೀಕರಿನ ಬಾಯಿಯಂಥ ಉದ್ದನೆಯ ಬಿಳಿ ಹೂ ಅರಳಿಸಿಕೊಂಡು ನಿಂತಿತ್ತು. ಆಪ್ ಈ ಸಲ ತಡವರಿಸಲಿಲ್ಲ. ಉಮ್ಮತ್ತಿಯೇ. ಅವತ್ತಿನ ಮೊರದಲ್ಲಿ ಇದರ ಕುಡಿಯೂ ಇದ್ದಿರಬೇಕು.

ಆ ರಾತ್ರಿಯಿಂದ ಫೋಟೋಗಳನ್ನು ಹಿಂದಕ್ಕೆ ನೋಡುತ್ತಾ ಕಲಿತೆ. ಹೂವಿನಿಂದ ಮೊಗ್ಗಿಗೆ, ಮೊಗ್ಗಿನಿಂದ ಎಲೆಗೆ, ಎಲೆಯಿಂದ ಮೊಳಕೆಗೆ. ಹಿಂಗಾರಿಗೆ ಹೊಸ ಚಿಗುರು ಎದ್ದಾಗ ಮೊದಲು ನಾನು ಹೆಸರು ಹೇಳಿ, ಆಮೇಲೆ ಫೋನನ್ನು ಕೇಳುತ್ತಿದ್ದೆ. ಇಬ್ಬರ ಮಾತೂ ಒಂದಾಗದ್ದನ್ನು ಮುಟ್ಟಲಿಲ್ಲ. ಗಣಿಕೆ ಸೊಪ್ಪನ್ನಂತೂ ಹೂವು ಕಣ್ಣಿಗೆ ಬಿದ್ದ ಗಿಡದಿಂದ ಮಾತ್ರ ಚಿವುಟಿದೆ, ಸ್ವಲ್ಪ ಬಲಿತಿದ್ದರೂ ಚಿಂತೆಯಿಲ್ಲ ಅಂತ.

ಸಾರು ಕುದಿಯುವಾಗ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಕೂತರು. ಯಾವ್ಯಾವ ಸೊಪ್ಪು ಅಂತ ಕೇಳಿದರು. ಒಂದೊಂದರ ಹೆಸರನ್ನೂ, ಅದರ ಹೂವು ಹೇಗಿತ್ತು ಅನ್ನುವುದನ್ನೂ ಹೇಳಿದೆ.

"ಉಮ್ಮತ್ತಿ?"

"ಬೇರು ಸಮೇತ ಕಿತ್ತು ಸುಟ್ಟಾಕ್ದೆ."

 ಕಟ್ಟಳೆಯ ಪ್ರಕಾರ ನನ್ನ ತಟ್ಟೆಗೆ ಮೊದಲು ಬಡಿಸಿಕೊಂಡೆ.  ಒಂದು ತುತ್ತು ನುಂಗಿದೆನೋ ಇಲ್ಲವೋ, ಅತ್ತೆ ಕೈ ಚಾಚಿದರು.

"ನಂಗೂ ಇಕ್ಕು."

"ಎಲೆಯಡಿಕೆ ಜಗಿಯೋ ಹೊತ್ತಾದ್ರೂ ಕಾಯ್ಬೇಕಲ್ವಾ ಅತ್ತೆ?"

"ಅದು ನಾನ್ ಕಿತ್ತಾಗಿನ್ ಮಾತು. ನೀನು ಹೂವಾಗೋ ಗಂಟ ಕಾದಿದ್ದೀಯ. ಇನ್ನೇನಮ್ಮಿ ಕಾಯಾದು, ಇಕ್ಕು."

ಇಕ್ಕಿದೆ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯಲಿಲ್ಲ. ಉಪ್ಪು ಕಮ್ಮಿ ಅಂತ ಬೈದು, ಇನ್ನೊಂದು ಸೌಟು ಸಾರು ಕೇಳಿದರು.