ಚಾಂಪಿಯನ್ ಮನೆಯ ಹಿಂದಿನ ಕೋಣೆ

ಹೋದ ಭಾನುವಾರ ಬೆಳಿಗ್ಗೆ ಸುಮಾ ನನ್ನ ಭುಜಕ್ಕೆ ನೋವಿನ ಎಣ್ಣೆ ತಿಕ್ಕುತ್ತಿದ್ದಳು. ಹುಲ್ಲು ಕತ್ತರಿಸುವ ಮಷೀನಿನ ಹಗ್ಗ ಜಗ್ಗಲು ಹೋಗಿ ಉಳುಕಿಸಿಕೊಂಡಿದ್ದೆ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯ ಹುಲ್ಲೆಂದರೆ ಎರಡು ಚಾಪೆ ಹಾಸಿದಷ್ಟು, ಅಷ್ಟಕ್ಕೇ ಈ ಗತಿ. ನನ್ನ ತೋಳ್ಬಲದ ಅಂದಾಜು ನಿಮಗೆ ಈಗಾಗಲೇ ಸಿಕ್ಕಿರಬೇಕು. ಶೀಶೆಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಅಡರಿತು. ಮೇಲೆ ಕರ್ಪೂರದಂತೆ ತಣ್ಣಗೆ, ಅದರಡಿಯಲ್ಲಿ ಏನೋ ಘಾಟು. "ರೀ, ಉರೀತಿದೆಯಾ?" ಎಂದು ಸುಮಾ ಕೇಳಿದಳು. ಕಣ್ಣೊರೆಸಿಕೊಳ್ಳಲು ಅದೊಂದು ಒಳ್ಳೆಯ ನೆಪವಾಯಿತು. ಹೌದು ಎಂದೆ. ಮನಸ್ಸಿನಲ್ಲಿ ನಾನಾಗ ಸಿಡ್ನಿಯಲ್ಲಿರಲಿಲ್ಲ, ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ ಒಂದು ಅಡಿಗೆಮನೆಯ ಮೇಜಿನೆದುರು ಕೂತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ, ಇನ್ನೂ ಮದುವೆಯಾಗದ ನಾನು ಮೈಸೂರಿನಿಂದ ಬಂದು ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರಾಗಿ ಸೇರಿದ್ದೆ. ಒಂದು ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯವರು ವಿಲ್ಫ್ ಮತ್ತು ಡೋರೀನ್ ಗಾರ್ಸೈಡ್, ಹಡಗು ಹತ್ತಿ ಬಂದು ನೆಲೆಸಿದ್ದ ಇಂಗ್ಲಿಷ್ ದಂಪತಿ. ಡೋರೀನ್ ಶಾಲೆಯೊಂದರ ಕ್ಯಾಂಟೀನಿನಲ್ಲಿದ್ದರು. ನಾನು ಮೊದಲ ಸಲ ಒಗ್ಗರಣೆಗೆ ಸಾಸಿವೆ ಹಾಕಿದಾಗ, ಚಟಪಟ ಸದ್ದಿಗೆ ಒದ್ದೆ ಟವೆಲ್ ಹಿಡಿದು ಓಡಿಬಂದವರು ಅವರೇ. ವಿಲ್ಫ್ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಕುಳ್ಳಗೆ, ತೆಳ್ಳಗೆ ಇದ್ದರು. ಮೂಗು ಚಪ್ಪಟೆ, ಎಡಗಿವಿ ಹಿಸುಕಿಟ್ಟ ಹಿಟ್ಟಿನ ಉಂಡೆಯ ಹಾಗೆ. ಚಳಿಗಾಲದ ಬೆಳಿಗ್ಗೆ ಮೇಜಿನ ಮುಂದೆ ಕೂತು ಬೆರಳಿನ ಗೆಣ್ಣುಗಳಿಗೆ ಇದೇ ವಾಸನೆಯ ಎಣ್ಣೆ ತಿಕ್ಕಿ ತಿಕ್ಕಿ, ಟೀ ಮಗ್ ಹಿಡಿಯುವಷ್ಟು ಬೆರಳು ಬಿಡಿಸಿಕೊಳ್ಳುತ್ತಿದ್ದರು. ಹುಟ್ಟೂರು ಉತ್ತರ ಇಂಗ್ಲೆಂಡಿನ ಕಲ್ಲಿದ್ದಲ ಊರೆಂದು ತಿಳಿದಿತ್ತು. ಗಣಿಯಲ್ಲೇನೋ ಅಪಘಾತವಾಗಿರಬೇಕು ಎಂದು ನಾನೇ ಒಂದು ಕತೆ ಕಟ್ಟಿಕೊಂಡು ಮರುಕಪಡುತ್ತಿದ್ದೆ.

ನಿಜ ತಿಳಿದದ್ದು ಫ್ಯಾಕ್ಟರಿಯಲ್ಲಿ. ನಮ್ಮ ಫೋರ್‌ಮನ್ ಇಂಗ್ಲೆಂಡಿನವನು. ನಾನು ಯಾರ ಮನೆಯಲ್ಲಿದ್ದೇನೆ ಎಂದು ತಿಳಿದ ಕೂಡಲೇ ಕೈಯಲ್ಲಿದ್ದ ಟೀ ಕೆಳಗಿಟ್ಟ. ಅವನಪ್ಪ ರೇಡಿಯೋಗೆ ಕಿವಿ ಹಚ್ಚಿ ವಿಲ್ಫ್ ಗಾರ್ಸೈಡರ ಬಾಕ್ಸಿಂಗ್ ಕೇಳುತ್ತಿದ್ದನಂತೆ. ಫೆದರ್‌ವೇಟ್ ಎಂಬ ಹಗುರ ತೂಕದ ವರ್ಗದಲ್ಲಿ ಇಡೀ ಬ್ರಿಟನ್ನಿಗೆ ಚಾಂಪಿಯನ್ ಆಗಿದ್ದವರಂತೆ. ನಾನು ಸಂಜೆ ಮನೆಗೆ ಬಂದು, ನೀವು ಚಾಂಪಿಯನ್ನಾ ಎಂದು ಕೇಳಿದೆ. ವಿಲ್ಫ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ನನ್ನ ಹೆಸರು ಅವರ ನಾಲಿಗೆಗೆ ಕೊನೆಗೂ ಹೊರಳಲಿಲ್ಲ, ನಾನು ಅವರಿಗೆ ಯಾವಾಗಲೂ ‘ಲ್ಯಾಡ್’, ಅಂದರೆ ಹುಡುಗ.

"ಆಗಿದ್ದೆ, ಲ್ಯಾಡ್. ಈಗ ಫೋರ್ಕ್‌ಲಿಫ್ಟ್ ಓಡಿಸ್ತೀನಿ."

ಆಮೇಲೆ ಅಷ್ಟಷ್ಟೇ ಹೇಳಿದರು. ಮೀಸೆ ಚಿಗುರುವ ಮೊದಲೇ ಗಣಿಗಿಳಿದದ್ದು, ಶನಿವಾರಗಳಂದು ಚರ್ಚಿನ ಹಿಂದಿನ ಹಾಲ್‌ನಲ್ಲಿ ಗ್ಲೌಸ್ ತೊಟ್ಟದ್ದು, ಲಂಡನ್ನಿನಲ್ಲಿ ಹದಿನೈದು ರೌಂಡ್ ಕಾದಾಡಿ ಪಟ್ಟ ಗೆದ್ದದ್ದು. ಗೆದ್ದವರನ್ನು ಕರೆದೊಯ್ಯಲು ಊರ ಬ್ಯಾಂಡ್ ಸ್ಟೇಷನ್ನಿಗೇ ಬಂದಿತ್ತಂತೆ. ಎರಡು ಕಣ್ಣೂ ಬಾತು ಮುಚ್ಚಿಕೊಂಡಿದ್ದರಿಂದ ಬ್ಯಾಂಡಿನ ಸದ್ದು ಕೇಳಿಸಿತೇ ಹೊರತು ಬ್ಯಾಂಡ್ ಕಾಣಲಿಲ್ಲ ಎಂದು ನಕ್ಕರು. ಪಟ್ಟ ಬಹಳ ಕಾಲ ಉಳಿಯಲಿಲ್ಲ, ಪ್ರಾಯದವನೊಬ್ಬ ಬಂದು ಕಿತ್ತುಕೊಂಡ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೇಲೇರುತ್ತಿದ್ದ ಹುಡುಗರಿಗೆಲ್ಲ ಮಾಜಿ ಚಾಂಪಿಯನ್ ಒಬ್ಬನನ್ನು ಸೋಲಿಸಿದೆ ಎಂದು ಹೇಳಿಕೊಳ್ಳಬೇಕಿತ್ತು, ಪೋಸ್ಟರಿನಲ್ಲಿ ವಿಲ್ಫರ ಹೆಸರು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಹೀಗೆ ಊರೂರಿನ ಸಣ್ಣ ಹಾಲ್‌ಗಳಲ್ಲಿ ಇನ್ನೂ ಕೆಲವು ವರ್ಷ ಏಟು ತಿಂದರು. ಇದನ್ನೂ ನಗುತ್ತಲೇ ಹೇಳಿದರು. ನಾನೂ ನಕ್ಕೆ.

ನನಗೂ ಬಾಕ್ಸಿಂಗ್ ಕಲಿಸುವ ಒಂದು ಪ್ರಯತ್ನ ನಡೆಯಿತು. ಹಿತ್ತಲಲ್ಲಿ ಕಾಲು ಅಗಲಿಸಿ ನಿಲ್ಲಿಸಿ, ಗಲ್ಲ ತಗ್ಗಿಸು, ಮೊಣಕೈ ಒಳಗೆ ತಗೋ ಎಂದು ತಿದ್ದಿದರು. ಕನ್ನಡಕ ಬೆವರಿಗೆ ಜಾರಿ ಮೂಗಿನ ತುದಿಗೆ ಬಂತು. ವಿಲ್ಫ್ ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ನೋಡಿ, ನಿನ್ನನ್ನ ಹೊಡೆಯೋಕೆ ಯಾರಿಗೂ ಮನಸ್ಸೇ ಬರಲ್ಲ, ಅದೇ ನಿನಗಿರೋ ರಕ್ಷಣೆ ಎಂದರು. ಕ್ಲಾಸ್ ಅಲ್ಲಿಗೆ ಮುಗಿಯಿತು.

ವಿಲ್ಫ್ ಬದಲಾಗುತ್ತಿದ್ದಾರೆಂದು ಮೊದಮೊದಲು ನಮಗೆ ಅನಿಸಲಿಲ್ಲ. ನಿಮ್ಮೂರಲ್ಲಿ ಮಳೆ ಬರುತ್ತಾ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಅದೇ ಊಟ ಮುಗಿಯುವುದರೊಳಗೆ ಮತ್ತೆ ಅದನ್ನೇ ಕೇಳುತ್ತಿದ್ದರು. ವಯಸ್ಸು ಎಂದುಕೊಂಡೆವು. ಆಮೇಲೆ ಮಾತು ತೊದಲತೊಡಗಿತು, ಕಾಲು ಎಳೆಯತೊಡಗಿತು. ಗೋಡೌನಿನವರು ಮನೆಯಲ್ಲಿರಿ ಎಂದರು. ಅಂಗಡಿಗಳಲ್ಲಿ ಜನ ಕುಡುಕನೆಂದು ಪಕ್ಕಕ್ಕೆ ಸರಿಯುತ್ತಿದ್ದರು. ಜನ್ಮದಲ್ಲಿ ಬಿಯರ್ ಕೂಡ ಮುಟ್ಟದ ಮನುಷ್ಯ ಅವರು. ಡಾಕ್ಟರು ತಲೆಯ ಸ್ಕ್ಯಾನ್ ನೋಡಿ, ಇದು ಹಳೆಯ ಏಟುಗಳ ಫಲ, ಔಷಧಿಯಿಲ್ಲ, ಮುಂದೆ ಇನ್ನೂ ಕೆಡುತ್ತದೆ ಎಂದು ಡೋರೀನ್‌ಗೆ ಹೇಳಿದರು.

ಅದೇ ಸಮಯದಲ್ಲಿ ಮೆಲ್ಬರ್ನಿನ ಬಾಕ್ಸಿಂಗ್ ಕ್ಲಬ್ಬೊಂದು ವಿಲ್ಫರನ್ನು ಮುಖ್ಯ ಅತಿಥಿಯಾಗಿ ಕರೆಯಿತು. ಬೇಡ ಎಂದು ನನಗನಿಸಿತ್ತು. ಅವರಿಗೆ ಎಷ್ಟು ಖುಷಿಯಾಗಿದೆ ನೋಡು ಎಂದರು ಡೋರೀನ್. ಸೂಟಿಗೆ ಇಸ್ತ್ರಿ ಹಾಕಿದರು, ನಾನೂ ಜೊತೆಗೆ ಹೋದೆ. ಊಟದ ನಡುವೆ ಹೆಸರು ಕೂಗಿದರು, ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ವಿಲ್ಫ್ ಮೈಕಿನ ಮುಂದೆ ನಿಂತರು. ಬಾಯಿ ತೆರೆದರು, ಏನೂ ಬರಲಿಲ್ಲ. ಚಪ್ಪಾಳೆ ನಿಂತಿತು. ಆಮೇಲೆ ಒಂದು ಹೆಸರು ಹೇಳಿದರು, ಯಾವುದೋ ಕಾಲದ ಎದುರಾಳಿಯದಿರಬೇಕು. ಅದನ್ನೇ ಮತ್ತೆ ಹೇಳಿದರು, ಇನ್ನೊಮ್ಮೆ ಹೇಳಿದರು. ಹಿಂದಿನ ಮೇಜಿನಲ್ಲಿ ಯಾರೋ, ಚಾಂಪಿಯನ್ ಚೆನ್ನಾಗೇ ಏರಿಸಿದ್ದಾರೆ ಅಂದ. ನಗು ಮೇಜಿಂದ ಮೇಜಿಗೆ ಹಬ್ಬಿತು. ನಗುವಿನ ಕಡೆ ತಿರುಗಿ ವಿಲ್ಫೂ ನಕ್ಕರು, ತಾನೇ ಏನೋ ತಮಾಷೆ ಹೇಳಿದ್ದೇನೆ ಎಂದುಕೊಂಡು. ಡೋರೀನ್ ವೇದಿಕೆ ಹತ್ತಿ ಅವರ ಕೈ ಹಿಡಿದು ಇಳಿಸಿಕೊಂಡು ಬಂದರು. ಕಾರಿನಲ್ಲಿ ವಿಲ್ಫ್ ಕೇಳಿದ್ದು ಒಂದೇ: "ನಾನು ಗೆದ್ನಾ, ಡಾರ್?" ಗೆದ್ದೆ ಎಂದರು ಡೋರೀನ್.

ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸಲು ಅನುಮತಿ ಬಂತು, ಚಾಟ್ಸ್‌ವುಡ್‌ನಲ್ಲಿ ಕೆಲಸ ಸಿಕ್ಕಿತು, ನಾನು ಸಿಡ್ನಿಗೆ ಬಂದೆ. ಮೈಸೂರಿಗೆ ಹೋಗಿ ಸುಮಾಳನ್ನು ಮದುವೆಯಾಗಿ ಕರೆತಂದೆ, ಮನೆಗೆಂದು ಮಾರ್ಟ್‌ಗೇಜ್ ತಗೊಂಡೆ, ಎಲ್ಲರಂತಾದೆ. ಅಷ್ಟರಲ್ಲಿ ಗಾರ್ಸೈಡ್ ದಂಪತಿಯೂ ಡ್ಯಾಂಡಿನಾಂಗಿನ ಮನೆ ಮಾರಿ ಸಿಡ್ನಿಗೆ ಬಂದರು. ಅವರ ಮಗಳು ಕ್ಯಾರಲ್ ನಮ್ಮ ಪಕ್ಕದ ಸಬರ್ಬಿನಲ್ಲೇ ಇದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಕರೆದೆವು. ಸುಡು ಬೇಸಿಗೆಯಲ್ಲಿ ಡೋರೀನ್ ಉದ್ದ ತೋಳಿನ ಸ್ವೆಟರ್ ತೊಟ್ಟು ಬಂದಿದ್ದರು. ಅಡಿಗೆಮನೆಯಲ್ಲಿ ತಟ್ಟೆ ತೊಳೆಯಲು ತೋಳು ಸರಿಸಿದಾಗ ಸುಮಾ ನೋಡಿದಳಂತೆ. ಮೊಣಕೈವರೆಗೂ ಹಳದಿ, ನೀಲಿ. ಸ್ವಲ್ಪ ಹೊತ್ತಿನ ನಂತರ ಬಂದು, "ರೀ, ಆಂಟಿ ಬಾತ್‌ರೂಮಲ್ಲಿ ಸ್ಲಿಪ್ ಆದೆ ಅಂತಾರೆ. ಬಿದ್ದು ಆಗಿರೋದಲ್ಲ ಅದು" ಎಂದು ಮೆಲ್ಲಗೆ ಹೇಳಿದಳು. ವಿಲ್ಫ್ ಹೊರಗೆ ನೆರಳಲ್ಲಿ ಕೂತು ಮೊಸರನ್ನವನ್ನು ಚಮಚದಿಂದ ಶ್ರದ್ಧೆಯಿಂದ ತಿನ್ನುತ್ತಿದ್ದರು.

ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು ಡೋರೀನ್ ತಾವಾಗಿಯೇ ಹೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ವಿಲ್ಫ್ ಒಮ್ಮೆಯೂ ಕೈ ಎತ್ತಿದವರಲ್ಲವಂತೆ. ಈಗ ಕೆಲವು ದಿನ ಬೆಳಿಗ್ಗೆ ತಾನು ಹಾಸಿಗೆಯ ಹತ್ತಿರ ಹೋದರೆ, ಯಾರು ಬರುತ್ತಿದ್ದಾರೆಂದೇ ಅವರಿಗೆ ತಿಳಿಯುವುದಿಲ್ಲವಂತೆ. "ಅವನು ನನ್ನನ್ನ ಹೊಡೀತಿಲ್ಲ" ಎಂದರು. "ಅವನಿಗೆ ಅಲ್ಲಿ ಯಾರು ಕಾಣ್ತಿದ್ದಾರೋ, ಅವರನ್ನ ಹೊಡೀತಾನೆ."

ಕೊನೆಗೆ ಕ್ಯಾರಲ್ಲೇ ಹಟ ಮಾಡಿ ತಂದೆಯನ್ನು ನರ್ಸಿಂಗ್ ಹೋಮಿಗೆ ಸೇರಿಸಿದಳು. ನಾನು ನೋಡಲು ಹೋದಾಗ ವಿಲ್ಫರನ್ನು ಕುರ್ಚಿಯಲ್ಲಿ ಕೂರಿಸಿ, ಎದ್ದು ಬೀಳದಿರಲೆಂದು ಅಡ್ಡಕ್ಕೆ ಒಂದು ಮೇಜು ಸಿಗಿಸಿದ್ದರು. ಮೈಯಲ್ಲಿ ಉಳಿದದ್ದು ಮೂಳೆ ಮತ್ತು ಆ ದಪ್ಪ ಗೆಣ್ಣುಗಳು ಮಾತ್ರ. ಮತ್ತೆ ಮತ್ತೆ ಮೇಜಿಗೆ ಕೈಯೂರಿ ಏಳಲು ನೋಡುತ್ತಿದ್ದರು. ಡೋರೀನ್ ಅವರ ಕಡೆ ನೋಡುತ್ತಲೇ ನನಗೆ ಹೇಳಿದರು:

"ಪ್ರತಿ ಸಲ ನಾನು ಮುಂದಿನ ಸಾಲಲ್ಲೇ ಕೂರ್ತಿದ್ದೆ. ಅವನು ಬಿದ್ದಾಗ ರೆಫರಿ ಎಣಿಸ್ತಿದ್ದ, ನಾನು ಕೂಗ್ತಿದ್ದೆ. ಏಳು ವಿಲ್ಫ್, ಏಳು ಅಂತ. ಅಷ್ಟು ಗದ್ದಲದಲ್ಲೂ ನನ್ನ ದನಿ ಗುರುತು ಸಿಕ್ಕು ಎದ್ದುಬಿಡ್ತಿದ್ದ. ಎದ್ದು ಮತ್ತೆ ತಿಂತಿದ್ದ. ನಾನು ಸುಮ್ಮನಿದ್ದಿದ್ರೆ ಮಲಗೇ ಇರ್ತಿದ್ದ."

ವಿಲ್ಫ್ ಮತ್ತೆ ಏಳಲು ಹೊರಟರು. ಡೋರೀನ್ ಕುರ್ಚಿಯ ಪಕ್ಕ ಮಂಡಿಯೂರಿ, ಅವರ ಆ ಮುದ್ದೆಯಾದ ಕಿವಿಗೆ ಬಾಯಿ ತಂದು, "ಸಾಕು ವಿಲ್ಫ್. ಏಳಬೇಡ. ಮುಗೀತು" ಎಂದರು. ವಿಲ್ಫ್ ಆ ದನಿಗೆ ಕಿವಿಗೊಟ್ಟದ್ದು ಮುಖದಲ್ಲೇ ಕಾಣಿಸಿತು. ಕತ್ತೆತ್ತಿದರು, ಹಲ್ಲು ಕಚ್ಚಿದರು, ಇದ್ದಬದ್ದ ಬಲವನ್ನೆಲ್ಲ ಹಾಕಿ ಮೇಜನ್ನು ಕಿತ್ತು ತಳ್ಳಿ ಎದ್ದು ನಿಂತರು. ಚಪ್ಪಲಿಯಲ್ಲಿ ನಡುಗುತ್ತ, ಗಲ್ಲ ತಗ್ಗಿಸಿ, ಎರಡೂ ಮುಷ್ಟಿ ಮೇಲೆತ್ತಿ. ಪಕ್ಕದಲ್ಲೇ ಮಂಡಿಯೂರಿದ್ದ ಡೋರೀನ್ ಕದಲಲಿಲ್ಲ. ನರ್ಸುಗಳು ಓಡಿಬಂದು ಇಬ್ಬರನ್ನೂ ಬೇರೆ ಮಾಡಿದರು.

ಆ ವರ್ಷದ ಚಳಿಗಾಲ ಮುಗಿಯುವ ಮೊದಲೇ ವಿಲ್ಫ್ ನ್ಯುಮೋನಿಯಾ ಆಗಿ ಹೋದರು. ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಬಂದಿತ್ತೆಂದು ಕ್ಯಾರಲ್ ಹೇಳಿದಳು. ಲಂಡನ್ನಿನಲ್ಲಿ ಗೆದ್ದ ಪಂದ್ಯದ ವಿಷಯ ಮಾತ್ರ.

ಡೋರೀನ್ ಈಗ ಒಂದು ಸಣ್ಣ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದಾರೆ. ಭಾನುವಾರಗಳಂದು ನಾವು ಹೋಗುತ್ತೇವೆ. ಅವರು ನನ್ನನ್ನು ಕೇಳುವುದು ಯಾವಾಗಲೂ ಒಂದೇ. "ನೀನು ಅವನು ಚೆನ್ನಾಗಿದ್ದಾಗ ನೋಡಿದವನು. ಹೇಗಿದ್ದ? ಕಣ್ಣು ಮುಚ್ಚಿದ್ರೆ ನನಗೆ ಕೊನೆಗಾಲದವನೇ ಬರ್ತಾನೆ. ಮೊದಲಿನವನನ್ನ ಅವನು ಒಳಗೇ ಬಿಡಲ್ಲ." ನಾನು ಪ್ರತಿಸಲ ಮಾತು ಮರೆಸಿ ಟೀ ಮಾಡಲು ಏಳುತ್ತಿದ್ದೆ. ನನಗೂ ಕಣ್ಣು ಮುಚ್ಚಿದರೆ ಕಾಣುವುದು ಆ ಎತ್ತಿದ ಮುಷ್ಟಿಗಳೇ ಎಂದು ಅವರಿಗೆ ಹೇಗೆ ಹೇಳಲಿ?

ಎಣ್ಣೆ ತಿಕ್ಕಿಸಿಕೊಂಡು ಹೋದ ಈ ಸಲ ಹೇಳಿದೆ. ಡ್ಯಾಂಡಿನಾಂಗಿನಲ್ಲಿ ಶನಿವಾರಗಳಂದು ವಿಲ್ಫ್ ಹಿತ್ತಲ ತಂತಿಗೆ ಬಟ್ಟೆ ಒಣಹಾಕುತ್ತಿದ್ದರು, ಬಾಯ್ತುಂಬ ಕ್ಲಿಪ್ಪು ಕಚ್ಚಿಕೊಂಡು, ಅದರ ಸಂದಿಯಲ್ಲೇ ಏನೋ ಗುನುಗುತ್ತ. ನಿಮ್ಮ ಹಳದಿ ಹೂವಿನ ಬ್ಲೌಸನ್ನು ಮಾತ್ರ ಎರಡೆರಡು ಸಲ ಕೊಡವಿ, ಸುಕ್ಕು ನೀವಿ ಹಾಕುತ್ತಿದ್ದರು ಎಂದೆ.

"ಹಳದಿ ಹೂವಿನ ಬ್ಲೌಸ್ ನನ್ನ ಹತ್ರ ಯಾವತ್ತೂ ಇರಲಿಲ್ಲ" ಎಂದರು ಡೋರೀನ್.

ಅವರು ಮರೆತರೋ, ನಾನೇ ಕಟ್ಟಿದೆನೋ, ತಿಳಿಯಲಿಲ್ಲ. ಕೇಳೋಣವೆಂದರೆ ಮೂರನೆಯವರು ಉಳಿದಿಲ್ಲ. ಸುಮಾ ನನ್ನ ಮುಖ ನೋಡಿದಳು. ನಾನು ಕ್ಷಮಿಸಿ ಎನ್ನುವಷ್ಟರಲ್ಲಿ ಡೋರೀನ್ ಕಣ್ಣು ಮುಚ್ಚಿಕೊಂಡರು.

"ಇರಲಿ" ಎಂದರು. "ಆಮೇಲೆ?"